ಬಾಯಮ್ಮ ಹಸಿರು ಕಾರಿಗೆ ಮದ್ದು ಮಾಡಿದ್ದು

ಮೊನ್ನೆ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಹಳೆಯ ಕಾರೊಂದು ಬಂದು ನಿಂತಿತು. ಕಿಟಕಿಯಿಂದ ಹಸಿ ಪೆಟ್ರೋಲಿನ ವಾಸನೆ ಒಳಗೆ ಬಂತು... ಈಗಿನ ಕಾರುಗಳಿಗೆ ವಾಸನೆಯೇ ಇಲ್ಲ. ಹಿಂದಿನವನು ಹಾರ್ನ್ ಹೊಡೆಯುವವರೆಗೂ ನಾನು ಬಾಯಮ್ಮನ ಪಕ್ಕದ ಸೀಟಿನಲ್ಲೇ ಇದ್ದೆ.

ದುಬೈಯ ಮಿರ್ದಿಫ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಮಂಗಳೂರು ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನಾನು ಬಾಯಮ್ಮ ಎನ್ನುತ್ತಿದ್ದೆ. ಅವರ ಗಂಡನಿಗೆ ತಮ್ಮ ಎರಡೇ ಸೀಟಿನ ಹಳೆಯ ಹಸಿರು ಸ್ಪೋರ್ಟ್ಸ್ ಕಾರೆಂದರೆ ಪ್ರಾಣ. ಅವರು ಕಾಯಿಲೆ ಬಿದ್ದ ಮೇಲೆ ಕಾರು ನಿಂತೇ ಇತ್ತು. ತೀರಿಹೋದಾಗ ಬಾಯಮ್ಮ ಕೀಲಿಯನ್ನು ನನಗೆ ಕೊಟ್ಟು, ಶವದೊಂದಿಗೆ ಊರಿಗೆ ಹೋದರು.

ಎರಡು ತಿಂಗಳ ನಂತರ ಮರಳಿದಾಗ ಅವರಿಗೆ ಒಂದೇ ಆಸೆ. ನಿವೃತ್ತಿಯಾಗಿ ವೀಸಾ ಮುಗಿಯುವ ಮೊದಲು ಆ ಕಾರಿನಲ್ಲೇ ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ಗೆ ಒಮ್ಮೆ ಹೋಗಬೇಕು. ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಅಲ್ಲಿಯ ಒಂದು ಕೋಣೆಯಲ್ಲಿದ್ದರಂತೆ. ಆದರೆ ಕಾರು ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಗ್ಯಾರೇಜಿನವರು ಪ್ಲಗ್ಗು ಬದಲಿಸಿದರು, ಪಂಪು ಬದಲಿಸಿದರು, ಕೊನೆಗೆ "ಖಲಾಸ್" ಎಂದು ಕೈಚೆಲ್ಲಿದರು.

ಬಾಯಮ್ಮ ಬಿಡುವವರಲ್ಲ. ನನ್ನ ಕೈಗೆ ನೋಟ್‌ಬುಕ್ ಕೊಟ್ಟರು. "ರೋಗಿ ಹತ್ರ ಕೇಳದೆ ಮದ್ದು ಕೊಡುದಾ ಮಾರಾಯ? ನೀನು ಬರಿ. ಎಷ್ಟು ಹೊತ್ತಿಗೆ ಸುಸ್ತಾಯ್ತು, ಆಗ ಹೊಟ್ಟೆ ತುಂಬಿತ್ತಾ, ಖಾಲಿಯಾ..."

ಹೀಗೆ ನಮ್ಮ ಶನಿವಾರಗಳು ಕಳೆದವು. ಎರಡೂ ಕಡೆ ಮರಳು, ಮುಂದೆ ಬಿಸಿಲಿಗೆ ನಡುಗುವ ದಾರಿ. ಬಾಯಮ್ಮ ಕೊಂಕಣಿಯಲ್ಲಿ ಏನೋ ಗುನುಗುತ್ತಿದ್ದರು. ನಾನು ದೊಡ್ಡ ಡಾಕ್ಟರನ ಠೀವಿಯಲ್ಲಿ ಬರೆಯುತ್ತಿದ್ದೆ. ಟ್ಯಾಂಕ್ ಪೂರ್ತಿ ತುಂಬಿದ್ದ ದಿನ ಕಾರು ಬೇಗ ನಿಲ್ಲುತ್ತಿತ್ತು, ಅರ್ಧವಿದ್ದ ದಿನ ಇನ್ನಷ್ಟು ದೂರ ಓಡುತ್ತಿತ್ತು.

ನಾಲ್ಕನೆಯ ಶನಿವಾರ ಕಾರು ನಿಂತದ್ದೇ ತಡ, ಬಾಯಮ್ಮ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ಯೆಂದು ಗಾಳಿ ಒಳನುಗ್ಗಿತು. ಕೀಲಿ ತಿರುಗಿಸಿದರೆ ಇಂಜಿನ್ ತಕ್ಷಣ ಶುರುವಾಯಿತು. "ಉಸಿರು ಕಟ್ಟುದು ಇದಕ್ಕೆ!" ಎಂದರು. ಪೆಟ್ರೋಲ್ ಇಳಿದಂತೆ ಗಾಳಿ ಬರಲೆಂದು ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಅದನ್ನು ಯಾರೋ ಅಂಟು ಹಾಕಿ ಮುಚ್ಚಿದ್ದರು. ಟ್ಯಾಂಕ್ ತುಂಬಿದಷ್ಟೂ ಒಳಗೆ ಗಾಳಿ ಕಡಿಮೆ, ಅಷ್ಟು ಬೇಗ ಉಸಿರು ಕಟ್ಟುತ್ತಿತ್ತು.

ಮುಚ್ಚಿದವನು ನಾನೇ. ಅವರು ಊರಲ್ಲಿದ್ದಾಗ ಧೂಳಿನ ಗಾಳಿ ಎದ್ದಿತ್ತು. ಒಳಗೆ ಮರಳು ಹೋದೀತೆಂದು ಭಾರಿ ಬುದ್ಧಿವಂತನ ಹಾಗೆ ಅಂಟು ಮೆತ್ತಿ, ಮರೆತೇಬಿಟ್ಟಿದ್ದೆ.

ಹೇಳಲು ಬಾಯಿ ತೆರೆದೆ. ಬಾಯಮ್ಮ ಹೆಬ್ಬೆರಳಿನಿಂದ ಆ ಅಂಟನ್ನು ಸವರುತ್ತಿದ್ದರು. "ನೋಡು, ಇದು ಇವರದ್ದೇ ಕೆಲಸ. ಮರಳು ಹೋಗ್ಬಾರ್ದು ಅಂತ. ಅಷ್ಟು ಸೀಕಿನಲ್ಲೂ ಕಾರಿನದ್ದೇ ಚಿಂತೆ ಇವರಿಗೆ." ಕಣ್ಣು ತುಂಬಿ ನಕ್ಕರು. ಊರಿಂದ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನು ನೋಟ್‌ಬುಕ್ ಮುಚ್ಚಿಟ್ಟೆ.

ಹೇರ್‌ಪಿನ್ನಿನಿಂದ ತೂತು ಬಿಡಿಸಿದರು. ಆಮೇಲೆ ಕಾರು ಎಲ್ಲೂ ನಿಲ್ಲಲಿಲ್ಲ. ಹಮ್ದಾನ್ ಸ್ಟ್ರೀಟ್‌ನಲ್ಲಿ ಅವರ ಹಳೆಯ ಕಟ್ಟಡವಿದ್ದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿತ್ತು. ಬಾಯಮ್ಮ ಎದುರಿಗೆ ಕಾರು ನಿಲ್ಲಿಸಿ ಬಹಳ ಹೊತ್ತು ನೋಡಿದರು. "ಬಂದೆವಲ್ವಾ..." ಎಂದರು. ನನಗೆ ಹೇಳಿದ್ದಲ್ಲ.

ಮುಂದಿನ ವಾರ ಅವರು ಊರಿಗೆ ಹೊರಟುಹೋದರು. ಎಷ್ಟೋ ಸಲ ಫೋನಿನಲ್ಲಿ ಮಾತಾಡಿದೆವು. ಪ್ರತಿ ಸಲವೂ ಇವತ್ತು ಹೇಳಬೇಕೆಂದುಕೊಂಡೆ...

ನಿನ್ನೆ ಅವರ ಮಗಳ ಫೋನು ಬಂತು. ಬಾಯಮ್ಮ ಹೋಗಿ ನಾಲ್ಕು ದಿನವಾಯಿತಂತೆ. ಅತ್ತು ಸಮಾಧಾನವಾದ ಮೇಲೆ ಆಕೆ ಕೇಳಿದಳು: "ಡ್ಯಾಡಿ ಅಂಟು ಹಾಕಿದ್ದನ್ನು ಮಮ್ಮಿ ಬಂದವರಿಗೆಲ್ಲ ಹೇಳ್ತಿದ್ರು ಅಂಕಲ್. ನೀವೂ ನೋಡಿದ್ದೀರಲ್ವಾ?"

"ಹೌದಮ್ಮ, ನೋಡಿದ್ದೇನೆ" ಎಂದೆ.