ಡ್ಯಾನ್ಯೂಬಿನಲ್ಲಿ ಆಹಾರ ಸಮಿತಿ

ಏಳು ದಿನ ಒಲೆಯ ಮುಂದೆ ನಿಲ್ಲುವುದಿಲ್ಲ ಎಂಬುದು ಅಮ್ಮನ ಒಂದೇ ಷರತ್ತಾಗಿತ್ತು. ಯುರೋಪ್ ಆಗಬಹುದು, ಆಫ್ರಿಕಾ ಆಗಬಹುದು, ಅಲ್ಲಿ ಕೋಟೆ ಇರಲಿ ಇಲ್ಲದಿರಲಿ. ಬೇರೆ ಯಾರೋ ಬೇಯಿಸಬೇಕು, ಬೇರೆ ಯಾರೋ ಬಡಿಸಬೇಕು, ತಿಂದ ತಟ್ಟೆಯನ್ನು ಬೇರೆ ಯಾರೋ ಎತ್ತಬೇಕು. ಅಪ್ಪ ತಕ್ಷಣ ಒಪ್ಪಿದರು. ಒಪ್ಪುವುದರಲ್ಲಿ ನನ್ನ ಅಪ್ಪನಷ್ಟು ಚುರುಕಾದ ಮನುಷ್ಯನನ್ನು ನಾನು ಕಂಡಿಲ್ಲ.

ಷರತ್ತಿಗೆ ಹಿನ್ನೆಲೆಯಿತ್ತು. ನಾವು ಉಡುಪಿ ಕಡೆಯವರು. ನಾನು ಹುಟ್ಟುವ ಮೊದಲೇ ದುಬೈ ಸೇರಿದವರು. ಅಪ್ಪ ಜೆಬೆಲ್ ಅಲಿ ಬಂದರಿನ ಗೋದಾಮೊಂದರಲ್ಲಿ ಸೂಪರ್‌ವೈಸರ್. ವರ್ಷದ ರಜೆಯೆಂದರೆ ಊರಿಗೆ ಹೋಗುವುದು, ಊರಿಗೆ ಹೋಗುವುದೆಂದರೆ ಯಾರದೋ ಮದುವೆ, ಯಾರದೋ ಗೃಹಪ್ರವೇಶ. ಅಲ್ಲಿಯೂ ಅಮ್ಮನನ್ನು ಬಾಗಿಲಲ್ಲೇ ಸ್ವಾಗತಿಸಿ ನೇರ ಅಡುಗೆಮನೆಗೆ ಕರೆದೊಯ್ಯುತ್ತಿದ್ದರು. ದುಬೈಯಲ್ಲಿ ಅದೇ ಕೆಲಸವನ್ನು ನಮ್ಮ ಸಂಘ ಮಾಡುತ್ತಿತ್ತು. ಸಂಘದ ವರ್ಷದಲ್ಲಿ ಬಹಳ ಹಬ್ಬಗಳಿವೆ, ಆದರೆ ಅಮ್ಮನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ಆಟಿ ಕೂಟ. ಆಟಿಯೆಂದರೆ ನಮ್ಮ ತುಳುವರ ಮಳೆಗಾಲದ ತಿಂಗಳು. ಹಿಂದೆ ಮನೆಯಲ್ಲಿ ಅಕ್ಕಿ ಮುಗಿದು, ಗುಡ್ಡದ ಸೊಪ್ಪುಸದೆ ತಿಂದು ದಿನ ದೂಡುತ್ತಿದ್ದ ಕಾಲ. ಆ ಹಸಿವಿನ ನೆನಪಿಗೆ ನಾವು ಪ್ರತಿ ವರ್ಷ ಊದ್ ಮೇಥಾದ ಎಸಿ ಹಾಲ್‌ನಲ್ಲಿ ಸೇರಿ, ಇಪ್ಪತ್ತು ಬಗೆಯ ಅಡುಗೆ ಮಾಡಿ, ಹೊಟ್ಟೆ ಬಿರಿಯುವಂತೆ ತಿನ್ನುತ್ತೇವೆ. ಅದರಲ್ಲಿ ಮುಖ್ಯವಾದದ್ದು ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿ ಮಸಾಲೆ ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವುದು. ಅಮ್ಮನ ಪತ್ರೊಡೆಗೆ ಸಂಘದಲ್ಲಿ ಎದುರಿಲ್ಲ. ಅದೇ ಅವಳ ದುರದೃಷ್ಟ.

ಊದ್ ಮೇಥಾದಲ್ಲೇ ನಾನು ಓದಿದ ಶಾಲೆ. ಅಲ್ಲಿ ಐದು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿದ್ದೇನೆ. ಪರ ವಿರೋಧ ಯಾವುದು ಕೊಟ್ಟರೂ ಮೂರು ಪಾಯಿಂಟ್ ಹೊಂದಿಸುವುದು ನನಗೆ ಬರುತ್ತದೆ. ಆ ವರ್ಷ ನಾನು ಕಾಲೇಜಿನ ಕೊನೆಯ ಪರೀಕ್ಷೆ ಮುಗಿಸಿದ್ದೆ. ಜುಲೈಯಲ್ಲಿ ನಾವು ಮೂವರೇ ಡ್ಯಾನ್ಯೂಬ್ ನದಿಯ ಹಡಗಿನಲ್ಲಿ ಜರ್ಮನಿಯ ಪಾಸೌ ಊರಿನಿಂದ ಬುಡಾಪೆಸ್ಟ್‌ವರೆಗೆ ನಿಧಾನವಾಗಿ ಹೋಗುವುದೆಂದು ತೀರ್ಮಾನವಾಯಿತು. ನಾವು ಮೂವರೇ ಎಂಬ ಮಾತು ಒಂದು ರಾತ್ರಿ ಬದುಕಿತು. ಮರುದಿನ ಬೆಳಿಗ್ಗೆ ಅಪ್ಪ ಕಂಪೆನಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಅದನ್ನು ಹೇಳಿದರು. ಬಸ್ಸು ಜೆಬೆಲ್ ಅಲಿ ಮುಟ್ಟುವಾಗ ನಾಲ್ಕು ಸಂಸಾರಗಳು ಸೇರಿದ್ದವು, ವಾರ ಕಳೆಯುವಾಗ ಹನ್ನೆರಡು.

"ನಾವು ಮಾತ್ರ ಹೋದ್ರೆ ಜನ ಎಂತ ಹೇಳುದು?" ಎಂದರು ಅಪ್ಪ.

"ಹೋಗಿದ್ದಾರೆ ಅಂತ ಹೇಳ್ತಾರೆ" ಎಂದೆ.

"ನಿನ್ನ ಡಿಬೇಟ್ ಶಾಲೆಯಲ್ಲಿ ಇಟ್ಕೊ ಮಗಳೇ."

ಗಲ್ಫಿನ ನಮ್ಮವರು ಒಬ್ಬೊಬ್ಬರೇ ಎಲ್ಲಿಗೂ ಹೋಗಲಾರರು ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ. ಒಬ್ಬನೇ ನೋಡಿದ ಕೋಟೆ ಕೋಟೆಯೇ ಅಲ್ಲ. ಅದರ ಮುಂದೆ ನಿಂತಾಗ ಪಕ್ಕದಲ್ಲಿ ನಿಮ್ಮ ಬಿಲ್ಡಿಂಗಿನ ಮೂರನೇ ಮಹಡಿಯವರು ಇರಲೇಬೇಕು. ವಾಟ್ಸಾಪ್ ಗುಂಪು ಹುಟ್ಟಿತು. ಗುಂಪಿನ ಬೆನ್ನಿಗೆ ಸಮಿತಿಗಳು ಹುಟ್ಟಿದವು: ವೀಸಾ ಸಮಿತಿ, ಸಾಂಸ್ಕೃತಿಕ ಸಮಿತಿ, ಸಮವಸ್ತ್ರ ಸಮಿತಿ. ಸಮವಸ್ತ್ರ ಸಮಿತಿಯ ಕೃಪೆಯಿಂದ ಗಂಡಸರೆಲ್ಲರಿಗೂ ದುಬೈಯ ಸತ್ವಾ ಪೇಟೆಯ ಒಬ್ಬ ದರ್ಜಿ ನವಿಲು ಬಣ್ಣದ ಶರ್ಟು ಹೊಲಿದುಕೊಟ್ಟ. ಸಂಘದ ಅಧ್ಯಕ್ಷರಿಗೆ ಅದೇ ಸತ್ವಾದಲ್ಲಿ ಬೋರ್ಡು, ಬ್ಯಾನರ್ ಮಾಡುವ ಅಂಗಡಿ. ಆದ್ದರಿಂದ ನಮ್ಮ ಸಂಘಕ್ಕೆ ಯಾವ ಕೊರತೆ ಬಂದರೂ ಬ್ಯಾನರಿನ ಕೊರತೆ ಬಂದದ್ದಿಲ್ಲ.

ಒಂದು ಸಂಜೆ ಗುಂಪಿನಲ್ಲಿ ಪ್ರಕಟಣೆ ಬಿತ್ತು. ಆಹಾರ ಸಮಿತಿಯ ಸಂಚಾಲಕಿಯಾಗಿ ಅಮ್ಮ ಸರ್ವಾನುಮತದಿಂದ ಆಯ್ಕೆಯಾಗಿದ್ದಳು. ಸರ್ವಾನುಮತದಲ್ಲಿ ಅಮ್ಮನ ಮತ ಸೇರಿರಲಿಲ್ಲ. ಇಪ್ಪತ್ತಮೂರು ಜನ ಹೆಬ್ಬೆರಳು ಎತ್ತಿದ್ದರು, ಅದರಲ್ಲಿ ಒಂದು ಅಪ್ಪನದು.

"ಹಡಗಿನಲ್ಲಿ ಮೂರು ಹೊತ್ತು ಅವರೇ ಕೊಡ್ತಾರಲ್ಲ, ಸಮಿತಿ ಎಂತಕ್ಕೆ?" ಅಮ್ಮ ಕೇಳಿದಳು. ಮನೆಯಲ್ಲಿ ನಾವು ಮಾತಾಡುವುದು ತುಳು. ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಹೆಸರಿಗೆ ಮಾತ್ರ ಮಾರಾಯ್ತಿ" ಎಂದರು ಅಪ್ಪ.

ಅಮ್ಮ ಕನ್ನಡಕ ತೆಗೆದು ಫೋನನ್ನು ಮಗುಚಿಟ್ಟಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನಂತೂ ನಂಬಲಿಲ್ಲ.

ಪಾಸೌನಲ್ಲಿ ಮೂರು ನದಿಗಳು ಸೇರುತ್ತವೆ. ಆ ಜಾಗದಲ್ಲಿ ನಿಂತು ನಮ್ಮವರು ನೋಡಿದ್ದು ಬ್ಯಾನರ್ ನೇರವಾಗಿದೆಯೇ ಎಂದು. ಕ್ಯಾಥೆಡ್ರಲ್ ಮುಂದೆಯೂ ಅದೇ. ಫೋಟೋದಲ್ಲಿ ಗೋಪುರದ ತುದಿ ಮಾತ್ರ ಕಾಣುತ್ತದೆ, ಕೆಳಗಿನ ಮುಕ್ಕಾಲು ಭಾಗ ಸಂಘದ ಹೆಸರು. ಹಡಗು ಹೊರಟ ಮೇಲೆ ಎರಡೂ ದಡಗಳಲ್ಲಿ ಹಸಿರು ಗುಡ್ಡಗಳು, ಕೆಂಪು ಹೆಂಚಿನ ಊರುಗಳು, ಸೈಕಲ್ ತುಳಿಯುತ್ತಾ ಕೈಬೀಸುವ ಮುದುಕರು. ಅಪ್ಪ ಕಟಾಂಜನ ಹಿಡಿದು ನಿಂತು ಎದುರಿನಿಂದ ಬರುವ ಸರಕು ದೋಣಿಗಳನ್ನಷ್ಟೇ ನೋಡುತ್ತಿದ್ದರು.

"ಆ ಕಂಟೇನರ್ ಇಟ್ಟದ್ದು ನೋಡು. ನಮ್ಮ ಹುಡುಗರು ಹೀಗೆ ಇಟ್ರೆ ನಾನು ಬಿಡ್ಲಿಕ್ಕಿಲ್ಲ."

ಅಮ್ಮ ಮೇಲಿನ ಡೆಕ್ಕಿನಲ್ಲಿ ಒರಗು ಕುರ್ಚಿಯೊಂದನ್ನು ಹಿಡಿದಳು. ಮೊದಲ ದಿನ ಊಟದ ಕೋಣೆಯಲ್ಲಿ ಬಡಿಸುವ ಹುಡುಗಿ ಅವಳಿಗಾಗಿ ಕುರ್ಚಿಯನ್ನು ಹಿಂದಕ್ಕೆ ಎಳೆದಾಗ, ಬೇರೆಯವರಿಗೆ ಬೇಕಾಗಿ ತೆಗೆದುಕೊಂಡು ಹೋಗುತ್ತಿದ್ದಾಳೆಂದು ತಿಳಿದು ಅಮ್ಮ ಪಕ್ಕಕ್ಕೆ ಸರಿದು ನಿಂತಿದ್ದಳು. ಎರಡನೇ ದಿನಕ್ಕೆ ಕಲಿತಳು. ಕುರ್ಚಿ ಎಳೆಯುವವರೆಗೆ ಕಾದು, ರಾಣಿಯ ಹಾಗೆ ಕೂತಳು. ಸೂಪ್ ಸಪ್ಪೆಯಾಗಿತ್ತು. ಉಳಿದವರೆಲ್ಲ ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದರು. ಅಮ್ಮ ಮಾತ್ರ ಆ ಸಪ್ಪೆ ಸೂಪನ್ನೇ ಇನ್ನೊಮ್ಮೆ ಕೇಳಿ ಹಾಕಿಸಿಕೊಂಡಳು.

ಮೂರನೇ ದಿನ ಹಡಗು ಆಸ್ಟ್ರಿಯಾದ ದ್ರಾಕ್ಷಿ ತೋಟಗಳ ಕಣಿವೆಯಲ್ಲಿ ಸಾಗುತ್ತಿದ್ದಾಗ ಅಧ್ಯಕ್ಷರು ಡೆಕ್ಕಿಗೆ ಬಂದರು. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ಹತ್ತು ಹನ್ನೆರಡು ನವಿಲು ಬಣ್ಣದ ಶರ್ಟುಗಳು. ಅಧ್ಯಕ್ಷರ ಕೈಯಲ್ಲಿ ಒದ್ದೆ ಪೇಪರಿನ ಒಂದು ಕಟ್ಟು. ಬಿಚ್ಚಿ ತೋರಿಸಿದರು. ಕೆಸುವಿನ ಎಲೆ!

"ಊರಿಂದ ತರಿಸಿದ್ದು. ಇನ್ನೂ ನಾಲ್ಕು ಕಟ್ಟು ಉಂಟು. ನನ್ನ ಹೆಂಡತಿ ಸೀರೆಗಳ ನಡುವೆ ಇಟ್ಟು ತಂದಳು. ಮೂರು ದಿನದಿಂದ ನಮ್ಮ ಬಾತ್‌ರೂಮಿನಲ್ಲಿ ನೀರು ಚಿಮುಕಿಸಿ ಕಾಪಾಡಿದ್ದೇವೆ. ನಾವು ಸ್ನಾನ ಮಾಡುದೂ ಕಷ್ಟ ಆಗಿದೆ."

ಅಮ್ಮ ಎಲೆ ನೋಡಿದಳು.

"ಈ ಸಲದ ಆಟಿ ಡ್ಯಾನ್ಯೂಬಿನಲ್ಲಿ! ಹಡಗಿನ ಮ್ಯಾನೇಜರ್ ಹತ್ರ ಮಾತಾಡಿ ಆಗಿದೆ. ಹೊರಗಿನವರನ್ನು ಕಿಚನ್ನಿಗೆ ಬಿಡ್ಲಿಕ್ಕಿಲ್ಲ ಅಂತ ಮೊದಲು ಹೇಳಿದ. ನಾನು ಬಿಟ್ಟೆನಾ? ನಾಳೆ ಎರಡರಿಂದ ಐದು, ಒಂದು ಮೂಲೆ ನಮ್ಗೆ. ಸಂಜೆ ಇಡೀ ಹಡಗಿಗೆ ಪತ್ರೊಡೆ. ಅಕ್ಕ, ನಮ್ಮ ಊರಿನ ಮರ್ಯಾದೆ ನಿಮ್ಮ ಕೈಯಲ್ಲಿ."

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಒಂದು ಸರಕು ದೋಣಿಯನ್ನು ಹುಡುಕತೊಡಗಿದರು. ಎಲ್ಲರೆದುರು ಅಮ್ಮ ಒಪ್ಪಿಬಿಟ್ಟರೆ ಏಳು ದಿನದ ಮಾತು ಅಲ್ಲಿಗೇ ಖಲಾಸ್. ನಾನು ಎದ್ದು ನಿಂತೆ.

"ಅಂಕಲ್, ಮೂರು ವಿಷಯ" ಎಂದೆ. "ಒಂದು, ಅಮ್ಮನನ್ನು ಯಾರೂ ಕೇಳಿಯೇ ಇಲ್ಲ. ಎರಡು, ಅಮ್ಮ ಬಂದದ್ದೇ ಅಡುಗೆಯಿಂದ ರಜೆ ಬೇಕು ಅಂತ. ಮೂರು, ಆಟಿ ಅಂದ್ರೆ ಅಕ್ಕಿ ಇಲ್ಲದ ತಿಂಗಳು. ಬೆಳಿಗ್ಗೆಯಿಂದ ನಾಲ್ಕು ಸಲ ತಿಂದು, ಐದನೇ ಸಲಕ್ಕೆ ಹಸಿವಿನ ಆಚರಣೆ ಮಾಡುದಾ? ಯಾವ ಅಜ್ಜಿಗೆ ಇದನ್ನು ವಿವರಿಸ್ತೀರಿ?"

ಚೆನ್ನಾಗಿಯೇ ಮಾತಾಡಿದೆ. ಶಾಲೆಯಲ್ಲಾಗಿದ್ದರೆ ಕಪ್ ಕೊಡುತ್ತಿದ್ದರು. ಅಧ್ಯಕ್ಷರು ತಲೆಯಾಡಿಸುತ್ತಾ ಕೇಳಿದರು.

"ಪಾಯಿಂಟ್ ಲಾಯಕ್ ಉಂಟು ಮಗಾ. ಕೇಳಿಲ್ಲ ಅಂದಿ, ಈಗ ಕೇಳ್ತಾ ಇದ್ದೇನಲ್ಲ? ರಜೆ ಅಂದಿ, ಮೂರು ದಿನ ಆಯ್ತು, ಮತ್ತೆ ಮೂರು ದಿನ ಉಂಟು, ನಡುವೆ ಮೂರು ಗಂಟೆ. ಅಜ್ಜಿಗೆ ಎಂತ ಹೇಳುದು ಅಂದಿ, ಅಜ್ಜಿಯೇ ಖುಷಿಪಡ್ತಾರೆ, ಮೊಮ್ಮಕ್ಕಳು ಹಡಗಿನಲ್ಲಿ ಪತ್ರೊಡೆ ತಿಂದ್ರು ಅಂತ."

"ಅಮ್ಮನಿಗೆ ಸೊಂಟನೋವು."

"ಸ್ಟೂಲ್ ಹಾಕಿಸುವ."

"ಎಲೆ ತೊಳೆದು, ಮಸಾಲೆ ಅರೆದು, ಸುತ್ತಿ..."

"ಇಬ್ಬರು ಹೆಲ್ಪರ್."

ನಾನು ಕೊಟ್ಟ ಪ್ರತಿ ಕಾರಣಕ್ಕೂ ಅವರಲ್ಲಿ ಒಂದು ಸ್ಟೂಲ್ ಇತ್ತು. ಹಿಂದಿನ ಶರ್ಟುಗಳಿಂದ "ಕರೆಕ್ಟ್", "ಅಲ್ವಾ ಮತ್ತೆ" ಎಂಬ ಉದ್ಗಾರಗಳು ಬರತೊಡಗಿದವು. ನನ್ನ ವಾದದಿಂದ ಆದ ಪ್ರಯೋಜನವೆಂದರೆ, ಅಮ್ಮ ಅಡುಗೆ ಮಾಡುವ ವಿಧಾನ ವಿವರವಾಗಿ ನಿಗದಿಯಾದದ್ದು.

ಕೊನೆಗೆ ಅಧ್ಯಕ್ಷರು, "ಮಕ್ಕಳ ಮಾತು ಬಿಡಿ, ಅಕ್ಕನೇ ಹೇಳ್ಲಿ" ಎಂದರು.

ಅಮ್ಮ ಮಂಡಿಯ ಮೇಲಿನ ಹೊದಿಕೆಯನ್ನು ಸರಿಪಡಿಸಿಕೊಂಡಳು.

"ಯಾನ್ ಮಲ್ಪುಜಿ" ಎಂದಳು.

ನಾನು ಮಾಡುವುದಿಲ್ಲ. ತುಳುವಿನಲ್ಲಿ ಎರಡೇ ಪದ. ಎಲ್ಲರೂ ಮುಂದಿನ ಮಾತಿಗೆ ಕಾದರು. ಯಾಕೆಂದರೆ ಎಂದೋ, ಏನಾಯಿತೆಂದರೆ ಎಂದೋ ಬರಬೇಕಿತ್ತು. ಬರಲಿಲ್ಲ. ಹಡಗು ಒಂದು ಪಾಳು ಕೋಟೆಯನ್ನು ದಾಟಿತು. ಧ್ವನಿವರ್ಧಕದಲ್ಲಿ ಯಾರೋ ಅದರ ಚರಿತ್ರೆ ಹೇಳುತ್ತಿದ್ದರು.

"ಅಂದ್ರೆ, ಹುಷಾರಿಲ್ವಾ ಅಕ್ಕ?"

ಅಮ್ಮ ಸುಮ್ಮನೆ ನಕ್ಕಳು.

"ಬೇಜಾರಾಗಿದ್ರೆ ಹೇಳಿ."

ಅದಕ್ಕೂ ನಕ್ಕಳು. ಹಿಡಿದುಕೊಳ್ಳಲು ಒಂದು ಕಾರಣವೂ ಸಿಗದೆ ಅಧ್ಯಕ್ಷರು ಎಲೆಯ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತರು. ಆಮೇಲೆ, "ಇರ್ಲಿ, ನಾವೇ ಮಾಡುವ. ಎಂತ ಮಹಾ ವಿದ್ಯೆಯಾ? ಯಲ್ಲಾ, ಬನ್ನಿ!" ಎಂದು ಶರ್ಟುಗಳನ್ನೆಲ್ಲ ಕರೆದುಕೊಂಡು ಹೋದರು.

ಮರುದಿನ ಎರಡು ಗಂಟೆಗೆ ಅಪ್ಪನೂ ಅಧ್ಯಕ್ಷರೂ ಮತ್ತಿಬ್ಬರೂ ತಲೆಗೆ ಬಲೆ ಟೋಪಿ ಹಾಕಿಕೊಂಡು ಅಡುಗೆಮನೆ ಹೊಕ್ಕರು. ಅಮ್ಮ ಡೆಕ್ಕಿನಲ್ಲಿದ್ದಳು. ಅವಳಿಗೆ ನಿಜವಾದ ಪರೀಕ್ಷೆ ಆಗ ಶುರುವಾಯಿತು. ಅರ್ಧ ಗಂಟೆಗೆ ಅಪ್ಪ ಅದೇ ಟೋಪಿಯಲ್ಲಿ ಓಡಿಬಂದರು.

"ಹುಳಿ ಎಷ್ಟು ಹಾಕುದು?"

ಅಮ್ಮನ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಕೆಸುವಿಗೆ ಹುಳಿ ಕಡಿಮೆಯಾದರೆ ಬಾಯಿ, ಗಂಟಲು ತುರಿಸುತ್ತದೆ. ನಮ್ಮೂರಿನ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ ಅದು.

"ಧಾರಾಳ ಹಾಕಿ" ಎಂದಳು.

"ಧಾರಾಳ ಅಂದ್ರೆ ಎಷ್ಟು? ಒಂದ್ಸಲ ಕೆಳಗೆ ಬಂದು ನೋಡಿ ಹೋಗು. ಎರಡೇ ನಿಮಿಷ."

ಎರಡೇ ನಿಮಿಷ. ಇಪ್ಪತ್ತಾರು ವರ್ಷದ ಅಡುಗೆಯೆಲ್ಲ ಎರಡೆರಡು ನಿಮಿಷದ ಕಂತಿನಲ್ಲೇ ನಡೆದಿತ್ತು. ಅಮ್ಮ ಹೊದಿಕೆ ಸರಿಸಿ ಕಾಲು ಕೆಳಗಿಟ್ಟು ಚಪ್ಪಲಿ ಮೆಟ್ಟಿದಳು. ಬಾಯಿ ತೆರೆದರೆ ಮೂರು ಪಾಯಿಂಟ್ ಬರುತ್ತದೆಂದು ಹೆದರಿ ತುಟಿ ಕಚ್ಚಿಕೊಂಡೆ. ಅವಳು ತನ್ನ ಪಾದಗಳನ್ನು ನೋಡಿ, ಚಪ್ಪಲಿ ಬಿಟ್ಟು, ಕಾಲನ್ನು ಪುನಃ ಮೇಲಕ್ಕೆ ಎಳೆದುಕೊಂಡಳು.

"ಧಾರಾಳ ಅಂದ್ರೆ ಧಾರಾಳ" ಎಂದಳು.

ಸಂಜೆ ಬ್ಯಾನರಿನ ಕೆಳಗೆ ಪತ್ರೊಡೆ ಬಡಿಸಲಾಯಿತು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಹಸಿವಿನ ಮಹತ್ವ ತಿಳಿಸಿದರು. ಪತ್ರೊಡೆ ಬಿಚ್ಚಿಕೊಂಡು ಎಲೆ ಬೇರೆ, ಹಿಟ್ಟು ಬೇರೆಯಾಗಿತ್ತು. ಧಾರಾಳವೆಂದರೆ ಅವರ ಲೆಕ್ಕದಲ್ಲಿ ಎರಡು ಚಮಚ. ಎರಡನೇ ತುತ್ತಿಗೆ ಗಂಟಲು ಕೆರೆಯತೊಡಗಿತು. ಜರ್ಮನಿಯ ಅಜ್ಜಿಯೊಬ್ಬರು "ಬಹಳ ವಿಶೇಷವಾಗಿದೆ" ಎನ್ನುತ್ತಾ ಕುತ್ತಿಗೆ ತುರಿಸಿಕೊಂಡರು. ನಮ್ಮವರು ಮೊಸರಿಗಾಗಿ ಸಾಲು ನಿಂತರು. ಅಪ್ಪ ಮಾತ್ರ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ಅಷ್ಟೇನೂ ಇಲ್ಲ" ಎಂದರು. ಅಮ್ಮ ಅವರಿಗೆ ನೀರಿನ ಲೋಟ ಸರಿಸಿದಳು. ತಾನು ಹಡಗಿನವರ ಆಲೂಗಡ್ಡೆ ತಿಂದಳು.

ಮರುದಿನ ಬೆಳಿಗ್ಗೆ ಯಾರೂ ಅಮ್ಮನ ಹತ್ತಿರ ಬರಲಿಲ್ಲ. ಕೆಲವರು ಗುಡ್ ಮಾರ್ನಿಂಗ್ ಕೂಡ ಹೇಳಲಿಲ್ಲ. ಒಲ್ಲೆ ಎಂದದ್ದಕ್ಕೆ ಬೆಲೆಯಿದೆ ಎಂದು ಅವಳಿಗೆ ಗೊತ್ತಿತ್ತು. ದುಬೈಗೆ ಮರಳಿದ ಮೇಲೆ ಸಂಘದಲ್ಲಿ ಎರಡು ತಿಂಗಳು ಅದೇ ಮಾತಾಗುವುದೆಂದು ನನಗೂ ಗೊತ್ತಿತ್ತು. ಆಗ ಅಧ್ಯಕ್ಷರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಸೀರೆಗಳ ನಡುವೆ ಎಲೆ ಅಡಗಿಸಿ ತಂದ ಹೆಂಗಸು. ಜಗಳಕ್ಕೇ ಬಂದರೆಂದು ನಾನು ಸಿದ್ಧಳಾದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಕ್ಕ, ಆ ‘ಮಲ್ಪುಜಿ’ ಒಂದು ಸಲ ಹೇಳಿದ್ರೆ ಸಾಕಾಗ್ತದಾ? ಪುನಃ ಪುನಃ ಹೇಳ್ಬೇಕಾ?"

"ಒಂದೇ ಸಲ" ಎಂದಳು ಅಮ್ಮ. "ಆಮೇಲೆ ಬಾಯಿ ಮುಚ್ಚಿ ಕೂತ್ಕೊಳ್ಬೇಕು. ಅದೇ ಕಷ್ಟ."

ಕೆಳಗಿನಿಂದ ಅಧ್ಯಕ್ಷರ ದನಿ ಕೇಳಿಸಿತು. ಗಂಟಲು ಇನ್ನೂ ಒಡೆದೇ ಇತ್ತು. "ಏಯ್, ತುರಿಕೆ ಮಾತ್ರೆ ಎಲ್ಲಿಟ್ಟಿದ್ದೀ?"

ಹೆಂಡತಿ ಗಾಬರಿಯಿಂದ ಮೆಟ್ಟಿಲಿನತ್ತ ತಿರುಗಿದರು. ಅಮ್ಮ ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. ಆಕೆ ಮೆಟ್ಟಿಲನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದರು.

"ನಿಮ್ಮ ಬ್ಯಾಗಿನಲ್ಲೇ ಉಂಟು, ನೋಡಿ!" ಎಂದು ಅಲ್ಲಿಂದಲೇ ಕೂಗಿ, ಕೂತರು.