ಬೆಳ್ಳಿ ಚಮಚಗಳ ಬೆನ್ನುಹತ್ತಿ ಹಾರಿದ ಡೆಲ್ಮರ್

ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದೇ ಡೆಲ್ಮರ್ ಸ್ಕೋಗೆನ್‌ನ ಎಲ್ಲ ಅವಾಂತರಗಳಿಗೂ ಮೂಲ.

ಪೂರ್ವ ಮೊಂಟಾನಾದ ಬಟಾಬಯಲಿನಲ್ಲಿ ಆಯುಷ್ಯವಿಡೀ ಜನರ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಕೊಂಡು ಬದುಕಿದವನು ಅವನು. ಲಾರಿಯಿಂದ ಇಳಿದು ಟ್ಯಾಂಕಿನ ಮುಚ್ಚಳದವರೆಗೆ ಹೋಗುವುದು, ಪೈಪು ಇಳಿಬಿಟ್ಟು ಲಾರಿಗೆ ವಾಪಸಾಗುವುದು, ಅಷ್ಟೇ ಅವನ ನಡಿಗೆ. ಭಾನುವಾರ ಚರ್ಚಿಗೂ ಅದೇ ಲಾರಿ. ಅದರ ಪಕ್ಕದಲ್ಲಿ ಮಾತ್ರ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ.

"ನಡೀಬೇಕು ಅಂದ್ರೆ ಎಲ್ಲಿಗೆ?" ಎಂದು ಅವನು ಡಾಕ್ಟರನ್ನೇ ಕೇಳಿದ.

"ಎಲ್ಲಿಗೂ ಇಲ್ಲ. ಸುಮ್ನೆ ನಡೀರಿ."

ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುವುದು ಡೆಲ್ಮರ್‌ಗೆ ಹುಚ್ಚರ ಕೆಲಸದಂತೆ ಕಂಡಿತು. ಸುಮ್ಮನೆ ಹಾರುವುದಾದರೆ ಬೇರೆ ಮಾತು. ಅವನ ಹತ್ತಿರ ಅಪ್ಪ ಬಿಟ್ಟುಹೋದ ಹಳದಿ ಬಣ್ಣದ ಪುಟ್ಟ ವಿಮಾನವೊಂದಿತ್ತು. ಒಂದರ ಹಿಂದೆ ಒಂದು, ಎರಡೇ ಸೀಟು. ರೆಕ್ಕೆಗೂ ಮೈಗೂ ತಗಡಲ್ಲ, ಬಣ್ಣ ಬಳಿದ ಬಟ್ಟೆ. ಅವನ ಹೆಂಡತಿ ಆರ್ಡಿಸ್ ಮದುವೆಯಾದ ಹೊಸತರಲ್ಲಿ ಒಮ್ಮೆ ಅದರಲ್ಲಿ ಕೂತು ಇಳಿದವಳು, "ಹೊಲಿಗೆ ಹಾಕಿದ್ದನ್ನ ನಾನು ಮೈಮೇಲೆ ಹಾಕ್ಕೋತೀನಿ, ಅದರೊಳಗೆ ಕೂತು ಆಕಾಶಕ್ಕೆ ಹೋಗಲ್ಲ" ಎಂದು ಹೇಳಿ ಆ ವಿಷಯವನ್ನು ಮುಗಿಸಿಬಿಟ್ಟಿದ್ದಳು.

ಆ ಸೀಮೆಯಲ್ಲಿ ಪುಟ್ಟ ವಿಮಾನ ಇಟ್ಟುಕೊಂಡವರಿಗೆ ಹಾರಲು ಏನಾದರೊಂದು ನೆಪ ಬೇಕು. ಸಾಮಾನ್ಯವಾಗಿ ಆ ನೆಪ ಪಕ್ಕದ ಊರಿನ ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಸಿಗುವ, ಹಣ್ಣು ತುಂಬಿ ಬೇಯಿಸಿದ ಸಿಹಿ ಚೆರ್ರಿ ಪೈ. ಡೆಲ್ಮರ್‌ನ ಹೃದಯ ಕೆಟ್ಟದ್ದೂ ಆ ಪೈನಿಂದಲೇ. ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಯಾರೋ ಅವನಿಗೆ ಜಿಯೋಕ್ಯಾಶಿಂಗ್ ಎಂಬ ಆಟ ಹೇಳಿಕೊಟ್ಟರು. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕಿದರೆ ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆಯಬೇಕು. ಒಳಗಿರುವ ಪುಡಿ ಸಾಮಾನೊಂದನ್ನು ತೆಗೆದುಕೊಂಡರೆ ಅದರ ಬದಲು ಇನ್ನೊಂದನ್ನು ಇಡಬೇಕು. ಹುಲ್ಲಿನ ರನ್‌ವೇಗಳ ಬದಿಯಲ್ಲೂ ಇಂಥ ಡಬ್ಬಿಗಳು ಬೇಕಾದಷ್ಟಿದ್ದವು.

ಡೆಲ್ಮರ್‌ಗೆ ದಾರಿ ಸಿಕ್ಕಿತು. ನೂರು ಮೈಲಿ ಹಾರಿಹೋಗಿ, ಇಳಿದು, ಬೇಲಿಯವರೆಗೆ ನಡೆದು, ಡಬ್ಬಿ ತೆಗೆದು, ಮತ್ತೆ ನೂರು ಮೈಲಿ ಹಾರಿ ಮನೆಗೆ ಬರುತ್ತಿದ್ದ.

"ಇವತ್ತು ನಡೆದ್ಯಾ?" ಎಂದು ಆರ್ಡಿಸ್ ಕೇಳಿದರೆ, "ನಡೆದೆ. ವಯೋಮಿಂಗ್‌ನಲ್ಲಿ" ಎಂದು ಪಕ್ಕದ ರಾಜ್ಯದ ಹೆಸರು ಹೇಳುತ್ತಿದ್ದ.

ಡಬ್ಬಿಗಳಲ್ಲಿ ಬಿಟ್ಟು ಬರಲು ಅವನು ಸದಾ ಒಂದೇ ಸಾಮಾನು ಒಯ್ಯುತ್ತಿದ್ದ. ತನ್ನ ವ್ಯಾಪಾರದ ಪ್ರಚಾರಕ್ಕೆಂದು ಮಾಡಿಸಿದ, ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಕಮೋಡಿನ ಕೀಚೈನು. ಮುಚ್ಚಳವನ್ನು ತೆರೆದು ಮುಚ್ಚಬಹುದಿತ್ತು.

ಹೀಗಿರುವಾಗ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ತಾನೆಂದೂ ಹೋಗದ ಒಂದು ದನದ ರ್‍ಯಾಂಚಿನ ರನ್‌ವೇಯಲ್ಲಿ ಇಳಿದ. ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲದ ಕಂಬದ ಬುಡದಲ್ಲಿ ಡಬ್ಬಿ ಇದೆ ಎಂದು ಜಿಪಿಎಸ್ ಹೇಳುತ್ತಿತ್ತು. ಯಾವತ್ತೂ ಕಲ್ಲು, ಮುಳ್ಳು, ಹಾವಿನ ಪೊರೆ ಎಲ್ಲ ಸರಿಸಿ ಹುಡುಕಬೇಕಾಗುತ್ತಿತ್ತು. ಇಲ್ಲಿ ನೋಡಿದರೆ ಸೈನ್ಯದವರು ಗುಂಡು ತುಂಬಿಡುವ ಹಸಿರು ತಗಡಿನ ಪೆಟ್ಟಿಗೆ ಕಂಬದ ಬುಡದಲ್ಲಿ ರಾಜಾರೋಷವಾಗಿ ಕೂತಿತ್ತು. ಅದರ ಪಕ್ಕದಲ್ಲೊಂದು ಹೂಗುಚ್ಛ ಬೇರೆ.

"ಏನ್ ಮರ್ಯಾದೆ!" ಎಂದುಕೊಂಡು ಡೆಲ್ಮರ್ ಮಂಡಿಯೂರಿ ಪೆಟ್ಟಿಗೆ ತೆರೆದ. ಒಳಗೆ ಪ್ಲಾಸ್ಟಿಕ್ ಚೀಲದ ತುಂಬ ಬೂದು ಪುಡಿ. ಸಿಮೆಂಟಿರಬೇಕು ಅನಿಸಿತು. ಹೆಸರು ಬರೆಯುವ ಚೀಟಿಗಾಗಿ ಚೀಲದ ಬಾಯಿ ಬಿಚ್ಚಿ ಬೆರಳಾಡಿಸಿದ. ಚೀಟಿ ಸಿಗಲಿಲ್ಲ. ಇರಲಿ ಎಂದು ಪುಡಿಯ ಮೇಲೆ ಒಂದು ಕಮೋಡು ಇಟ್ಟು, ಚೀಲ ಕಟ್ಟಿ, ಏಳಲು ಕಂಬಕ್ಕೆ ಕೈಕೊಟ್ಟ. ಮಂಡಿ ಹಿಡಿದುಕೊಂಡಿತ್ತು. "ದೇವರೇ, ದೇವರೇ" ಎಂದು ನರಳುತ್ತ ಎದ್ದು ತಿರುಗಿದರೆ ಹಿಂದೆ ಊರಿಗೆ ಊರೇ ನಿಂತಿತ್ತು. ಗಂಡಸರು ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು. ಹೆಂಗಸರು ತಲೆ ತಗ್ಗಿಸಿದ್ದರು.

"ಆಮೆನ್" ಎಂದರು ಎಲ್ಲರೂ.

ಕಪ್ಪು ಉಡುಪಿನ, ಒಣಕಲು ಮೈಕಟ್ಟಿನ ಹೆಂಗಸೊಬ್ಬಳು ಮುಂದೆ ಬಂದಳು. ಆಕೆ ಫರ್ನ್ ಪ್ರುವಿಟ್, ಆ ರ್‍ಯಾಂಚಿನ ಒಡತಿ.

"ಪ್ರಾರ್ಥನೆ ಚಿಕ್ಕದಾಗಿ ಮುಗಿಸಿದ್ರಿ, ಒಳ್ಳೇದಾಯ್ತು," ಎಂದಳು. "ಹಾಲಿಸ್‌ನ ಮೇಲಕ್ಕೆ ಕರ್ಕೊಂಡು ಹೋಗೋರು ನೀವೇ ಅಲ್ವಾ?"

ಯಾರೋ ವಿಮಾನದಲ್ಲಿ ಒಂದು ಸುತ್ತು ಹೋಗಲು ಆಸೆಪಡುತ್ತಿದ್ದಾರೆ ಎಂದುಕೊಂಡ ಡೆಲ್ಮರ್. ಅವನು ನಾರ್ವೆ ಮೂಲದವರ ಮನೆಯಲ್ಲಿ ಬೆಳೆದವನು, ಇಲ್ಲ ಎನ್ನುವುದು ಅವನ ಬಾಯಲ್ಲಿ ಬರುತ್ತಿರಲಿಲ್ಲ.

"ಅದಕ್ಕೇನಂತೆ, ಹೋಗೋಣ. ಎಷ್ಟು ತೂಕ ಇದಾರೆ ಅವರು?"

"ಮೊದಲಾಗಿದ್ರೆ ಇನ್ನೂರೈವತ್ತು ಪೌಂಡು," ಎಂದ ಹಾಲಿಸ್‌ನ ತಮ್ಮ ಕ್ಲೀಟಸ್. "ಈಗ ಆರೋ ಏಳೋ ಇರಬೋದು."

"ಪಾಪ, ತುಂಬಾ ಇಳಿದು ಹೋಗಿದಾರೆ! ಏನ್ ಕಾಯಿಲೆ?"

"ಸುಟ್ವಲ್ಲ," ಎಂದಳು ಫರ್ನ್.

ಡೆಲ್ಮರ್ ನಿಧಾನವಾಗಿ ಕಾಲ ಬಳಿಯಿದ್ದ ಪೆಟ್ಟಿಗೆ ನೋಡಿದ. ಆಮೇಲೆ ತನ್ನ ಬೆರಳು ನೋಡಿದ. ಆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದೋ ಬಿಡುವುದೋ ಎಂದು ತಿಳಿಯದೆ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತ. ಅದನ್ನೂ ಜನ ಆಶೀರ್ವಾದ ಎಂದುಕೊಂಡರು.

ಆಗಿದ್ದಿಷ್ಟು. ಬೂದಿಯನ್ನು ರ್‍ಯಾಂಚಿನ ಮೇಲೆ ಚೆಲ್ಲಲು ಹೊಸ ಪಾದ್ರಿ ತಮ್ಮದೇ ವಿಮಾನದಲ್ಲಿ ಬರುವವರಿದ್ದರು. ಅವರ ಮುಖವನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅಷ್ಟರಲ್ಲಿ ಇವನು ಇಳಿದಿದ್ದ. "ನಾನು ಪಾದ್ರಿ ಅಲ್ಲ, ಸೆಪ್ಟಿಕ್ ಟ್ಯಾಂಕಿನವನು" ಎಂದು ಹೇಳಲು ಡೆಲ್ಮರ್ ಬಾಯಿ ತೆರೆದ. ಆದರೆ ಫರ್ನ್ ಆಗಲೇ ಪೆಟ್ಟಿಗೆಯನ್ನು ಅವನ ತೋಳಿಗೆ ಇಟ್ಟು, "ಬಾಗಿಲ ಹತ್ರ ಕೂರಿಸಿ, ಅವನಿಗೆ ಕಿಟಕಿ ಇಷ್ಟ" ಎಂದಿದ್ದಳು. ಗಂಡನ ಬೂದಿ ಕೊಟ್ಟ ಹೆಂಗಸಿಗೆ ಇಲ್ಲ ಎನ್ನಲು ಯಾವ ನಾರ್ವೆಯವನಿಗೂ ಆಗುವುದಿಲ್ಲ.

ಮೇಲೆ ಹೋದ ಮೇಲೆ ಅವನಿಗೆ ಸ್ವಲ್ಪ ಧೈರ್ಯ ಬಂತು. ಹಾರುವುದೊಂದು ಅವನಿಗೆ ಬರುತ್ತಿತ್ತಲ್ಲ. ಮನೆಯ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹೊಡೆದು, ಪಕ್ಕದ ಕಿಟಕಿ ಎತ್ತಿ, ವಿಮಾನ ತಿರುಗಿಸುವ ಕೋಲನ್ನು ಮೊಣಕಾಲುಗಳ ನಡುವೆ ಹಿಡಿದು, ಚೀಲವನ್ನು ಹೊರಗೆ ಬಗ್ಗಿಸಿದ. ಬೂದಿಯನ್ನು ಹೀಗೆ ಚೆಲ್ಲಬಾರದು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೊರಗೆ ಹೋದ ಹಾಲಿಸ್‌ನಲ್ಲಿ ಅರ್ಧಕ್ಕರ್ಧ ಗಾಳಿಯ ಜೊತೆ ಮರಳಿ ಒಳಗೆ ಬಂದ. ಕಣ್ಣಿಗೆ, ಕಿವಿಗೆ, ಅಂಗಿಯ ಕಾಲರಿಗೆ, ಸೀಟಿನ ಸಂದಿಗೆ ಹೋದ. "ಕ್ಷಮಿಸಿ ಹಾಲಿಸ್, ಕ್ಷಮಿಸಿ" ಎಂದು ಕೆಮ್ಮಿದಾಗೆಲ್ಲ ಇನ್ನಷ್ಟು ಒಳಗೆ ಹೋದ.

ಒಂದೇ ಒಂದು ಸಾಮಾನು ಮಾತ್ರ ನೆಟ್ಟಗೆ ಕೆಳಗೆ ಹೋಯಿತು. ಅಂಗಳದಲ್ಲಿ ಆಕಾಶ ನೋಡುತ್ತ ನಿಂತವರ ನಡುವೆ, ಊಟದ ಮೇಜಿನ ಮೇಲೆ, ಆಲೂಗಡ್ಡೆ ಸಲಾಡಿನ ಬೋಗುಣಿಗೆ ಬಿಳಿ ಕಮೋಡೊಂದು ಪಚಕ್ಕೆಂದು ಬಿತ್ತು.

ಬೂದಿ ಬಳಿದ ಬೈರಾಗಿಯಂತೆ ಡೆಲ್ಮರ್ ವಿಮಾನದಿಂದ ಇಳಿದಾಗ ಫರ್ನ್ ಅದನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ ಅವನು. ಅವಳು ನಗುತ್ತಿದ್ದಳು.

"ಒಳಗಿನ ಕಮೋಡು ರಿಪೇರಿ ಮಾಡಿಸು ಅಂತ ಹದಿನೈದು ವರ್ಷದಿಂದ ಬಾಯಿ ಬಡ್ಕೊಂಡೆ. 'ಪೇಟೆಯಿಂದ ಹೊಸದನ್ನೇ ಕಳಿಸ್ತೀನಿ ಕಣೇ, ಕಳಿಸ್ತೀನಿ' ಅಂತಿದ್ದ. ಕಳಿಸಿದ ನೋಡಿ!"

ಆಗ ಎರಡನೆಯ ವಿಮಾನ ಇಳಿಯಿತು. ಅಸಲಿ ಪಾದ್ರಿ ಕೈಯಲ್ಲಿ ಬೈಬಲ್ ಹಿಡಿದು ಓಡೋಡಿ ಬಂದು, "ತಡವಾಯ್ತು, ಎಂಜಿನ್ ಸ್ಟಾರ್ಟ್ ಆಗ್ಲಿಲ್ಲ. ಎಲ್ಲಿ ಅವರು?" ಎಂದು ಕೇಳಿದರು.

"ಒಂದಿಷ್ಟು ಹುಲ್ಲಿನ ಮೇಲೆ," ಎಂದ ಕ್ಲೀಟಸ್. "ಉಳಿದಿದ್ದು ಇವರ ಮೇಲೆ."

ಡೆಲ್ಮರ್ ಎಲ್ಲವನ್ನೂ ಒಪ್ಪಿಕೊಂಡ. ಡಬ್ಬಿ ಆಟ, ಜಿಪಿಎಸ್, ಸಿಮೆಂಟು ಅಂದುಕೊಂಡದ್ದು, ಎಲ್ಲ. ಯಾರೂ ಬೈಯಲಿಲ್ಲ. ಅವನನ್ನು ಕೂರಿಸಿ ಹಂದಿಮಾಂಸ, ಕ್ಯಾರೆಟ್ ತುರಿದು ಹಾಕಿದ ಹಸಿರು ಜೆಲ್ಲಿ, ಕಾಫಿ ಕೊಟ್ಟರು. ಸಲಾಡನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಫರ್ನ್ ಕೇಳಿದಳು: "ಹಾಗಾದ್ರೆ ನೀವು ಹುಡುಕ್ತಿದ್ದ ಡಬ್ಬಿ ಎಲ್ಲಿ?"

ಎಲ್ಲರೂ ಎದ್ದು ಕಂಬದ ಬಳಿಗೆ ಹೋದರು. ಕಂಬ ಟೊಳ್ಳು. ಅದರ ಬುಡದಲ್ಲಿದ್ದ ಬಿರಡೆಯನ್ನು ಎಳೆದರೆ ಡಬ್ಬಿ ಹೊರಬಂತು. ಒಳಗಿನ ಚೀಟಿಯಲ್ಲಿ ಹಾಲಿಸ್‌ನ ಅಕ್ಷರ, ಬಚ್ಚಿಟ್ಟವನು ಅವನೇ! ಹವಾಮಾನ ನೋಡಿ ಬರುತ್ತೇನೆ ಎಂದು ದಿನಕ್ಕೊಮ್ಮೆ ವಿಮಾನ ಹತ್ತುತ್ತಿದ್ದವನು ಈ ಆಟವನ್ನೇ ಆಡುತ್ತಿದ್ದನೆಂಬುದು ಹೆಂಡತಿಗೂ ತಿಳಿದಿರಲಿಲ್ಲ. ಡಬ್ಬಿಯೊಳಗೆ ಹಿಡಿಯ ಮೇಲೆ ಗುಲಾಬಿ ಕೆತ್ತಿದ ಬೆಳ್ಳಿ ಚಮಚವೊಂದಿತ್ತು.

ಫರ್ನಳ ನಗು ನಿಂತಿತು.

"ಇದು ನನ್ನ ಮದುವೆ ಚಮಚ! ಒಂದೊಂದೇ ಮಾಯ ಆಗ್ತಿತ್ತು. ಕೆಲಸದ ಹುಡುಗೀರ ಮೇಲೆಲ್ಲ ಅನುಮಾನ ಪಟ್ಟೆ. ನಿನ್ನ ಮೇಲೂ ಪಟ್ಟಿದ್ದೆ, ಕ್ಲೀಟಸ್."

"ಅದಕ್ಕೇ ನನ್ನ ಊಟಕ್ಕೆ ಕರೆಯೋದು ಬಿಟ್ಟಿದ್ಯಾ?"

"ಮತ್ತಿನ್ನೇನು!"

ಬೆಟ್ಟ, ಬಯಲು, ನದಿ ದಂಡೆ ಎನ್ನದೆ ಮೊಂಟಾನಾದ ರನ್‌ವೇಗಳ ಡಬ್ಬಿಗಳಲ್ಲೆಲ್ಲ ಹಾಲಿಸ್ ಹೆಂಡತಿಯ ಚಮಚ ಬಿಟ್ಟು ಬಂದಿದ್ದ. ಯಾರದೋ ಬೀಗದ ಕೈ, ಪ್ಲಾಸ್ಟಿಕ್ ಕಪ್ಪೆ, ಬಾಟಲಿ ಮುಚ್ಚಳ ಅದರ ಬದಲಿಗೆ ಬಂದಿದ್ದವು. ಅವೆಲ್ಲ, ಎಲ್ಲೆಲ್ಲಿ ಚಮಚ ಇಟ್ಟಿದ್ದಾನೆಂಬ ಪಟ್ಟಿಯ ಸಮೇತ, ಅವನ ಕೊಟ್ಟಿಗೆಯಲ್ಲಿ ಸಿಕ್ಕಿದವು. ಫರ್ನ್ ಅಲ್ಲೇ ತೀರ್ಮಾನ ಮಾಡಿದಳು.

"ಡೆಲ್ಮರ್, ನಿಮ್ಮ ವಿಮಾನದಲ್ಲಿ ಇನ್ನೊಂದು ಸೀಟಿದೆ ತಾನೆ?"

"ಇದೆ. ಆದ್ರೆ ಈಗ ಅದರ ಮೇಲೆ..."

"ಗೊತ್ತು. ಅವನ ಮೇಲೇ ಕೂರ್ತೀನಿ. ಬದುಕಿದ್ದಾಗ ಒಂದು ಸಲನೂ ಕರ್ಕೊಂಡು ಹೋಗ್ಲಿಲ್ಲ."

ಮನೆಗೆ ಬಂದ ಡೆಲ್ಮರ್‌ನನ್ನು ಆರ್ಡಿಸ್ ಅಂಗಳದಲ್ಲೇ ತಡೆದು ನಿಲ್ಲಿಸಿದಳು. "ಏನದು, ನಿನ್ನ ಮೇಲಿರೋದು?" ಅವನು ಹೇಳಿದ. ಅವಳು ಅವನ ಬಟ್ಟೆಯನ್ನು ಜಾಗರೂಕತೆಯಿಂದ ಗುಲಾಬಿ ಗಿಡದ ಬುಡಕ್ಕೆ ಕೊಡವಿದಳು. ಕೈಮುಗಿದು ಒಂದು ಸಾಲು ಸ್ತುತಿಗೀತೆಯನ್ನೂ ಹಾಡಿದಳು. ವಿಮಾನದೊಳಗೆ ಉಳಿದದ್ದನ್ನು ಧೂಳು ಹೀರುವ ಮೆಷಿನ್ ಹಾಕಿ ಎಳೆದುಬಿಡು ಎಂದು ನಿಲ್ದಾಣದಲ್ಲಿ ಗೆಳೆಯರು ಹೇಳಿದಾಗ ಡೆಲ್ಮರ್‌ಗೆ ನಿಜಕ್ಕೂ ಸಿಟ್ಟು ಬಂತು. ಜೀವಮಾನವಿಡೀ ಏನೇನನ್ನೋ ಹೀರಿದ್ದೇನೆ, ಮನುಷ್ಯನನ್ನು ಮಾತ್ರ ಹೀರುವುದಿಲ್ಲ ಎಂದ.

ಚಳಿಗಾಲ ಕಳೆದ ಮೇಲೆ ಇಡೀ ಒಂದು ಬೇಸಿಗೆ ಡೆಲ್ಮರ್ ಮತ್ತು ಫರ್ನ್ ಹಾರಿದರು. ಫರ್ನ್ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತಿದ್ದಳು. ಎಂಜಿನ್ ಸದ್ದಿನಲ್ಲಿ ಅದು ತನಗೋ ಅವನಿಗೋ ಎಂಬುದು ಡೆಲ್ಮರ್‌ಗೆ ಗೊತ್ತಾಗುತ್ತಿರಲಿಲ್ಲ, ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಇಳಿದ ಮೇಲೆ ಡಬ್ಬಿ ಮೊದಲು ಸಿಗುತ್ತಿದ್ದದ್ದು ಅವಳಿಗೇ. "ಇಂಥ ಸಂದೀಲೇ ಅವನೂ ಸಾಕ್ಸ್ ತುರುಕ್ತಿದ್ದ" ಎಂದು ನೇರ ಅಲ್ಲಿಗೇ ಕೈ ಹಾಕುತ್ತಿದ್ದಳು. ಚಮಚ ಸಿಕ್ಕಿದ ಕೂಡಲೇ ಲಂಗದ ಅಂಚಿನಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿ, ಅಲ್ಲೇ ಹುಲ್ಲಿನ ಮೇಲೆ ಕೂತುಬಿಡುತ್ತಿದ್ದಳು. ಆಗ ಡೆಲ್ಮರ್ ದೂರ ಹೋಗಿ ವಿಮಾನದ ಚಕ್ರ ಒದ್ದು ನೋಡುತ್ತಿದ್ದ.

ಮತ್ತೆ ಸೆಪ್ಟೆಂಬರ್ ಬರುವ ಹೊತ್ತಿಗೆ ಎಲ್ಲ ಚಮಚಗಳೂ ಮನೆ ಸೇರಿದವು. ಫರ್ನ್ ಎಲ್ಲರನ್ನೂ ಊಟಕ್ಕೆ ಕರೆದಳು. ಕ್ಲೀಟಸ್ ಹೊಸ ಟೋಪಿ ಹಾಕಿಕೊಂಡು ಬಂದ, ಆರ್ಡಿಸ್ ಲಾರಿಯಲ್ಲಿ ಬಂದಳು. ತಟ್ಟೆಯಲ್ಲಿ ದನದ ಮಾಂಸದ ದೊಡ್ಡ ದೊಡ್ಡ ತುಂಡು. ಪ್ರತಿಯೊಬ್ಬರ ಮುಂದೆಯೂ ಗುಲಾಬಿಯ ಬೆಳ್ಳಿ ಚಮಚ, ಫಳಫಳ.

"ಫೋರ್ಕ್ ಎಲ್ಲಿ, ಫರ್ನ್?" ಎಂದ ಕ್ಲೀಟಸ್, ಚಮಚದಲ್ಲಿ ಮಾಂಸ ಹರಿಯಲು ಹೆಣಗುತ್ತ.

"ಒಂದು ತಗೊಂಡ್ರೆ ಬದಲಿಗೆ ಒಂದು ಇಡಬೇಕು, ಆಟದ ನಿಯಮ," ಎಂದಳು ಫರ್ನ್. "ಅವನು ತಂದಿದ್ದ ಪ್ಲಾಸ್ಟಿಕ್ ಕಪ್ಪೆ ಇಡೋಕೆ ನಂಗೆ ನಾಚಿಕೆ ಆಯ್ತು."

"ಮತ್ತೆ?"

"ಫೋರ್ಕ್ ಇಟ್ಟೆ."

ಆರ್ಡಿಸ್ ಗಂಡನ ಕಡೆ ನೋಡಿದಳು. ಡೆಲ್ಮರ್ ಆಗಲೇ ನಕ್ಷೆ ಬಿಚ್ಚಿ, ನೀರಿನ ಲೋಟ ಪಕ್ಕಕ್ಕೆ ಸರಿಸಿ, ಬೆಟ್ಟಗಳಲ್ಲಿ ಹಿಮ ಬೀಳುವ ಮೊದಲು ಯಾವ ಯಾವ ರನ್‌ವೇಗೆ ಹೋಗಿಬರಬಹುದು ಎಂದು ನೋಡುತ್ತಿದ್ದ.