ಸಾಹೇಬರ ತಂಡ ಕಪ್ ಗೆದ್ದ ದಿನ

ಅರವತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕಾರಕೂನ. ಎಂಜಿನ್ ರಿಪೇರಿ ಕಲಿಸಲು ಕೆನಡಾದಿಂದ ಬಂದಿದ್ದ ಸಾಹೇಬರೊಬ್ಬರಿಗೆ ದುಭಾಷಿಯೂ ನಾನೇ. ಅವರು ನಮ್ಮ ಓಣಿಯ ಗಂಗಕ್ಕನ ಮನೆಯಲ್ಲಿ ಬಾಡಿಗೆಗಿದ್ದರು.

ಒಂದು ಮುಂಜಾನೆ ಅವರಿಗೆ ತಂತಿ ಬಂತು. ಓದಿದವರೇ ಆ ಆರಡಿ ಆಳು ಕಟ್ಟೆಯ ಮೇಲೆ ಕೂತು ಗಳಗಳ ಅತ್ತುಬಿಟ್ಟರು. ಆಗೆಲ್ಲ ತಂತಿ ಎಂದರೆ ಸಾವಿನ ಸುದ್ದಿಯೇ.

“ತಾಯಿ ಹೋದರೇನೋ, ಪಾಪ!” ಎಂದು ಗಂಗಕ್ಕ ಉರಿಯುವ ಒಲೆಗೆ ನೀರು ಸುರಿದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಸೇರಿದರು.

ನಾನು ಮೆಲ್ಲಗೆ ವಿಚಾರಿಸಿದೆ. ತಂತಿ ಕಳಿಸಿದವರೇ ತಾಯಿ! ವರ್ಷವರ್ಷವೂ ಸೋಲುತ್ತಿದ್ದ ಅವರೂರಿನ ಫುಟ್‌ಬಾಲ್ ತಂಡ ಈ ಸಲ ಒಂದೊಂದೇ ಆಟ ಗೆಲ್ಲುತ್ತ ಹೋಗಿ, ಕೊನೆಗೆ ಇಡೀ ದೇಶದ ಕಪ್ ಎತ್ತಿತ್ತು.

“ಚೆಂಡಿನ ಆಟಕ್ಕ ಅತ್ತಾರೇನು? ನಾ ಒಲಿ ಆರಿಸಿ ಕುಂತೇನಲ್ಲೋ ತಮ್ಮಾ!” ಎಂದಳು ಗಂಗಕ್ಕ.

ತಮ್ಮ ದೇಶದ ಫುಟ್‌ಬಾಲ್ ಎಂಥದೆಂದು ತೋರಿಸಲು ಸಾಹೇಬರು ಒಂದು ತೆಂಗಿನಕಾಯಿಯನ್ನು ಬಗಲಲ್ಲಿ ಅವುಚಿಕೊಂಡು ಅಂಗಳದ ತುಂಬ ಓಡಿದರು.

“ಫುಟ್‌ಬಾಲ್ ಅಂತೀರಿ, ಕೈಯಾಗ ಹಿಡ್ಕೊಂಡು ಓಡ್ತೀರಲ್ರಿ?”

ಗಂಗಕ್ಕನ ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಸಾಹೇಬರು ನಗುತ್ತ ತೆಂಗಿನಕಾಯಿಯನ್ನು ಅವಳ ಕೈಗೇ ಒಪ್ಪಿಸಿಬಿಟ್ಟರು.

ಗಂಗಕ್ಕ ಮತ್ತೆ ಒಲೆ ಹೊತ್ತಿಸಿ ಶಿರಾ ಮಾಡಿದಳು. ಅಳಲು ಬಂದವರೆಲ್ಲ ತಿಂದು ಕೈತೊಳೆದರು. ಆದರೂ ಅವಳಿಗೆ ಸಮಾಧಾನವಿಲ್ಲ.

“ಗೆದ್ದಾಗ ಇಷ್ಟು ಅತ್ತರ, ಸೋತಾಗ ಏನ್ ಮಾಡ್ತಾರ ಕೇಳೋ.”

ಕೇಳಿದೆ. ಸಾಹೇಬರ ಉತ್ತರವನ್ನು ಹಾಗೇ ಹೇಳಿದೆ: “ಸುಮ್ಮನ ಕೆಲಸಕ್ಕ ಹೋಗ್ತಾರಂತಕ್ಕಾ. ಅದು ರೂಢಿ ಆಗೇದಂತ.”